ಸಾದೃಶ್ಯವೂ ಸತ್ಯವೂ

ಕಲ್ಲಿನಲ್ಲಿ ಕಡೆದ ಕಣ್ಣು ಹೆಸರಿನಿಂದ ಮಾತ್ರ ಕಣ್ಣೇ ಹೊರತು ವಸ್ತುತಃ ಕಣ್ಣಲ್ಲವೆಂದೂ, ನೋಡುವ ವ್ಯಾಪಾರವಿಲ್ಲದಲ್ಲಿ ಕಣ್ಣೆಂಬುದರ ಸ್ವರೂಪವೇ ಇಲ್ಲವೆಂದೂ ಅರಿಸ್ಟಾಟಲನು ವಾದಿಸಿದನು. ಈ ವಾದವನ್ನು ಒಪ್ಪುವುದಾದರೆ, ಹಳೆಯ ಕಾಲದ ಮೋಟಾರು ಗಾಡಿಗಳ ಕಿರುಪ್ರತಿಕೃತಿಗಳನ್ನು ಹಿತ್ತಾಳೆ, ಉಕ್ಕು, ಮರ, ತೊಗಲುಗಳಿಂದ ವರ್ಷಗಟ್ಟಲೆ ದುಡಿದು ರಚಿಸುವ ಕುಶಲಿಗಳ ಗತಿಯೇನು? ಚಲನೆಗಾಗಿಯೇ ಹುಟ್ಟಿದ ವಸ್ತುವೊಂದನ್ನು ಅವರು ಚಲನೆಯೊಂದನ್ನುಳಿದು ಮಿಕ್ಕೆಲ್ಲ ಲಕ್ಷಣಗಳೊಡನೆ ಮತ್ತೆ ಸೃಷ್ಟಿಸುತ್ತಾರೆ. ಟುರಿನ್ ನಗರದ ಮಿಕೇಲೆ ಕೊಂಟಿಯವರು 1:10ರ ಅಳತೆಯಲ್ಲಿಯೂ, ಇಂಗ್ಲೆಂಡಿನ ಜೆರಾಲ್ಡ್ ವಿಂಗ್ರೋವ್ ಅವರು 1:15ರ ಅಳತೆಯಲ್ಲಿಯೂ ನಿರ್ಮಿಸಿದ ಗಾಡಿಗಳನ್ನು ಛಾಯಾಚಿತ್ರದಲ್ಲಿ ಕಂಡವನು, ಪಕ್ಕದಲ್ಲಿ ಕೈಬೆರಳೊಂದು ಇಲ್ಲದಿದ್ದರೆ, ಅವು ಕಿರಿಯವೆಂದು ಊಹಿಸಲಾರನು. ಇಷ್ಟಾದರೂ ಅವು ಹೆಸರಿನಿಂದ ಮಾತ್ರ ಗಾಡಿಗಳೇ?

ನಮ್ಮ ನೈಯಾಯಿಕರು ಈ ಎಡೆಯಲ್ಲಿ ಹೆಚ್ಚು ಉದಾರಿಗಳು. ಒಂದು ವಸ್ತುವಿಗಿಂತ ಭಿನ್ನವಾಗಿದ್ದೂ ಅದರ ಧರ್ಮಗಳಲ್ಲಿ ಬಹುಪಾಲನ್ನು ಹೊಂದಿರುವುದೇ ಸಾದೃಶ್ಯವೆಂದು ಅವರ ಲಕ್ಷಣ. ಭಿನ್ನತೆಯನ್ನು ಅವರು ಇಲ್ಲಿ ದೋಷವೆಂದು ಕ್ಷಮಿಸುತ್ತಿಲ್ಲ, ಅಂಗವೆಂದೇ ವಿಧಿಸುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ಎಲ್ಲ ಧರ್ಮಗಳನ್ನೂ ಪಡೆದ ಪ್ರತಿಕೃತಿಯು ಪ್ರತಿಕೃತಿಯಾಗಿರದೆ ಇನ್ನೊಂದು ಗಾಡಿಯೇ ಆಗಿಬಿಡುವುದರಿಂದ, ಕುಶಲಿಯ ಮುಂದಿರುವ ಪ್ರಶ್ನೆ ಭಿನ್ನತೆಯನ್ನು ಹೇಗೆ ನಿವಾರಿಸಬೇಕೆಂಬುದಲ್ಲ, ಯಾವ ಧರ್ಮವನ್ನು ಉಳಿಸಿಕೊಂಡು ಯಾವುದನ್ನು ತ್ಯಜಿಸಬೇಕೆಂಬುದು. ಆ ಆಯ್ಕೆಯಲ್ಲಿ ಅವನು ಸ್ವತಂತ್ರನೂ ಅಲ್ಲ, ಏಕೆಂದರೆ ಪ್ರಕೃತಿಯೇ ಅವನಿಗೆ ಒಂದು ಬಲವಾದ ಅಡ್ಡಿಯನ್ನು ಒಡ್ಡಿದೆ.

1907ರಲ್ಲಿ ಫ್ರಾನ್ಸಿನ ಡಿಯೆಪ್ ಎಂಬಲ್ಲಿ ನಡೆದ ಗ್ರಾಂಡ್ ಪ್ರಿ ಪಂದ್ಯವನ್ನು ಫೆಲೀಚೆ ನಜಾರೊ ಎಂಬಾತನು ಗೆದ್ದ ಫಿಯಟ್ ಗಾಡಿಯನ್ನೇ ತೆಗೆದುಕೊಳ್ಳೋಣ. ನಾಲ್ಕೇ ಸಿಲಿಂಡರುಗಳಲ್ಲಿ 16 ಲೀಟರಿಗೂ ಮಿಕ್ಕ ಗಾತ್ರವನ್ನು ಅಡಗಿಸಿಕೊಂಡಿದ್ದ, ಹಿಂದಣ ಗಾಲಿಗಳನ್ನು ಸರಪಳಿಗಳಿಂದ ಎಳೆಯುತ್ತಿದ್ದ ಆ ದೈತ್ಯನನ್ನು ಇಟಲಿಯ ಪೋಕರ್ ಸಂಸ್ಥೆಯು 1:8ರ ಅಳತೆಯ ಬಿಡಿಭಾಗಗಳ ಪೆಟ್ಟಿಗೆಯಾಗಿ ಹೊರತಂದು ಅಸಂಖ್ಯ ಹವ್ಯಾಸಿಗಳ ಮೇಜಿನ ಮೇಲೆ ಇಳಿಸಿತು. ಉದ್ದವು ಎಂಟನೆಯ ಒಂದಂಶವಾದಾಗ ಮೈಯ ವಿಸ್ತೀರ್ಣವು 64ರಲ್ಲೊಂದು, ಗಾತ್ರವೂ ತೂಕವೂ 512ರಲ್ಲೊಂದು ಪಾಲಾಗುತ್ತವೆ. ಆ ಮಹಾ ಎಂಜಿನಿನ ಹದಿನಾರು ಲೀಟರು ಸುಮಾರು ಮೂವತ್ತೆರಡು ಘನ ಸೆಂಟಿಮೀಟರಿಗೆ, ಎಂದರೆ ಒಂದು ಸಣ್ಣ ಲೋಟದ ಕಾಫಿಗೂ ಸಾಲದಷ್ಟಕ್ಕೆ, ಕುಗ್ಗುತ್ತದೆ. ಇದರ ವಿಚಿತ್ರ ಪರಿಣಾಮವನ್ನು ಪಟ್ಟಿ ಸ್ಪ್ರಿಂಗುಗಳಲ್ಲಿ ಕಾಣಬಹುದು. ಮೂಲದ ಉಕ್ಕಿನಿಂದಲೇ, ಮೂಲದ ಅನುಪಾತದಲ್ಲಿಯೇ ಪಟ್ಟಿಗಳನ್ನು ತೆಳುವಾಗಿ ಎಳೆದು ಜೋಡಿಸಿದರೆ ಅವು ತಮ್ಮ ಉದ್ದಕ್ಕೆ ಬಾಗಬೇಕಾದುದರ ಎಂಟನೆಯ ಒಂದು ಪಾಲಷ್ಟೇ ಬಾಗುತ್ತವೆ, ಹೊರೆಯು ಅಷ್ಟರಮಟ್ಟಿಗೆ ಹಗುರವಾಗಿರುವುದರಿಂದ. ಗಾಡಿಯು ನೆಲದ ಮೇಲೆ ಭಾರವಾಗಿ ಕುಳಿತಂತೆ ಕಾಣದೆ, ನೆಲವನ್ನು ಮುಟ್ಟಲು ಅಂಜಿ ನಿಂತಂತೆ ಕಾಣುತ್ತದೆ. ಆದುದರಿಂದ ಅನುಭವಿಯಾದ ಕುಶಲಿಯು ಇಲ್ಲದ ತೂಕವನ್ನು ಇದೆಯೆಂಬಂತೆ ನಟಿಸಲು ಪಟ್ಟಿಗಳನ್ನು ಮೊದಲೇ ಬಾಗಿಸಿ ಕೂಡಿಸುತ್ತಾನೆ. ಟಯರಿನ ತಳವನ್ನು ಕೊಂಚ ಚಪ್ಪಟೆಯಾಗಿ ಉಜ್ಜುತ್ತಾನೆ. ತೊಗಲಿನ ರಂಧ್ರಗಳು, ಮರದ ಎಳೆಗಳು, ಬಣ್ಣದ ಲೇಪ, ಇವೊಂದೂ ಅವನ ಅಳತೆಗೋಲಿಗೆ ವಿಧೇಯವಾಗಿ ಕಿರಿದಾಗುವುದಿಲ್ಲ. ಮೂಲದಲ್ಲಿ ಕಣ್ಣಿಗೆ ಬೀಳದಷ್ಟು ತೆಳುವಾದ ಲೇಪವೇ ಇಲ್ಲಿ ಅನುಪಾತದಿಂದ ಎಂಟು ಪಟ್ಟು ದಪ್ಪವಾಗಿ ಅಂಚುಗಳನ್ನು ಮುಚ್ಚಿಹಾಕುತ್ತದೆ.

ಅಳತೆಗೆ ನಿಷ್ಠನಾದವನು ತೋರ್ಕೆಯಲ್ಲಿ ಸುಳ್ಳನಾಗುವನು, ತೋರ್ಕೆಗೆ ನಿಷ್ಠನಾದವನು ಅಳತೆಯಲ್ಲಿ. ಪ್ಲೇಟೋವಿನ 'ಸೋಫಿಸ್ಟ್' ಸಂವಾದದಲ್ಲಿ ಎಲಿಯಾದಿಂದ ಬಂದ ಅತಿಥಿಯು ಈ ಎರಡು ಬಗೆಯ ಅನುಕರಣವನ್ನು ಬೇರ್ಪಡಿಸಿ, ಬೃಹತ್ ಶಿಲ್ಪಗಳ ಮೇಲ್ಭಾಗವು ದೂರದಿಂದ ಕಿರಿದಾಗಿ ಕಂಡೀತೆಂದು ಪ್ರಮಾಣವನ್ನು ಬದಲಿಸುವ ಶಿಲ್ಪಿಗಳನ್ನು ಎರಡನೆಯ ಪಂಕ್ತಿಯಲ್ಲಿ, ಆಭಾಸಕಾರರ ನಡುವೆ, ಕುಳ್ಳಿರಿಸುತ್ತಾನೆ. ಆ ತೀರ್ಪು ನನಗೆ ಕಠಿನವೆನಿಸುತ್ತದೆ. ಕಾಮಸೂತ್ರಕ್ಕೆ ಜಯಮಂಗಲಾ ವ್ಯಾಖ್ಯೆಯನ್ನು ಬರೆದ ಯಶೋಧರನು ಚಿತ್ರಕಲೆಯ ಆರು ಅಂಗಗಳನ್ನು ಹೇಳುವಾಗ ಪ್ರಮಾಣವನ್ನೂ ಸಾದೃಶ್ಯವನ್ನೂ ಎರಡು ಬೇರೆಬೇರೆ ಅಂಗಗಳಾಗಿ ಗಣಿಸಿರುವುದು ಹೆಚ್ಚು ಸಮಂಜಸ: ಅಳತೆ ಸರಿಯಾದೊಡನೆ ಹೋಲಿಕೆಯು ತಾನಾಗಿ ಒದಗುವುದಿಲ್ಲವೆಂಬುದು ಅಲ್ಲಿ ಮೊದಲೇ ಅಂಗೀಕೃತವಾಗಿದೆ. ಬಾಗಿಸಿದ ಪಟ್ಟಿಯು ವಂಚನೆಯಲ್ಲ. ಗಾಡಿಗೆ ಭಾರವೆಂಬ ಧರ್ಮವೊಂದಿತ್ತೆಂಬುದನ್ನು, ಆ ಭಾರವನ್ನು ಹೊರಲಾರದ ದ್ರವ್ಯದಲ್ಲಿ, ಹೇಳಲು ಉಳಿದಿರುವ ಏಕಮಾತ್ರ ಮಾರ್ಗ.

ಹಾಗಾದರೆ ಚಲನೆ? ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಗಾಡಿಗೆ 1886ರ ಜನವರಿ 29ರಂದು ಪೇಟೆಂಟಿಗಾಗಿ ಅರ್ಜಿ ಸಲ್ಲಿಸಿದನು. ಅದರ ಒಂಟಿ ಸಿಲಿಂಡರಿನ ಗಾತ್ರ 954 ಘನ ಸೆಂಟಿಮೀಟರು, ಬಲ ಮುಕ್ಕಾಲು ಕುದುರೆಯದು, ವೇಗ ನಿಮಿಷಕ್ಕೆ ಸುಮಾರು ನಾನೂರು ಸುತ್ತು. ಇದನ್ನು ಎಂಟನೆಯ ಒಂದಂಶಕ್ಕೆ ಇಳಿಸಿ ಓಡಿಸಹೊರಟರೆ ಎರಡು ಘನ ಸೆಂಟಿಮೀಟರೂ ತುಂಬದ ಸಿಲಿಂಡರಿನಲ್ಲಿ, ಗಾತ್ರಕ್ಕೆ ಹೋಲಿಸಿದಾಗ ಎಂಟು ಪಟ್ಟು ಹಿರಿದಾದ ಗೋಡೆಗಳು ಉರಿಯ ಕಾವನ್ನು ಕದ್ದುಬಿಡುತ್ತವೆ. ಅಂಥ ಎಂಜಿನುಗಳು ನಿಮಿಷಕ್ಕೆ ಸಾವಿರಾರು ಸುತ್ತು ಅರಚುತ್ತ ಬದುಕಬಲ್ಲವೇ ಹೊರತು ಬೆಂಜನ ಎಂಜಿನಿನ ನಿಧಾನವಾದ ಮಿಡಿತವನ್ನು ಅನುಕರಿಸಲಾರವು. ಚಲಿಸಿದರೂ ಅದು ಮೂಲದ ಚಲನೆಯಾಗದು. ಅತ್ತ ಮೂಲಗಾಡಿಯ ಸ್ಥಿತಿಯೇನು? 1906ರಲ್ಲಿ ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಮ್ಮಿಗೆ ಅರ್ಪಿತವಾದ ಅದು ಪ್ರದರ್ಶನದ ವಸ್ತುವಾಗಿ ನಿಂತುಬಿಟ್ಟಿದೆ. ಅದನ್ನು ನೋಡಿ ಪೂರ್ಣಗಾತ್ರದಲ್ಲಿ ಕಟ್ಟಿದ ಪ್ರತಿರೂಪಗಳು ರಸ್ತೆಯಲ್ಲಿ ಓಡುತ್ತವೆ. ಅರಿಸ್ಟಾಟಲನ ಮಾತನ್ನು ಅಕ್ಷರಶಃ ಹಿಡಿದರೆ ಪ್ರತಿರೂಪಗಳೇ ಗಾಡಿಗಳಾಗಿ, ಲೋಕದ ಮೊದಲ ಮೋಟಾರು ಗಾಡಿಯೇ ನಾಮಮಾತ್ರದ ಗಾಡಿಯಾಗಿ ಉಳಿಯಬೇಕಾಗುತ್ತದೆ! ತನ್ನ ವ್ಯಾಪಾರದಿಂದ ನಿವೃತ್ತವಾದ ವಸ್ತುವಿಗೆ ಅಸ್ತಿತ್ವವನ್ನು ಕೊಡುವುದು ಅದರ ಚರಿತ್ರೆ. ಪ್ರತಿಕೃತಿಯು ಹಂಚಿಕೊಳ್ಳಲಾರದ ಧರ್ಮ, ನನ್ನ ಎಣಿಕೆಯಲ್ಲಿ, ಅದೊಂದೇ.

ದೇವಾಲಯದ ಪ್ರತಿಮೆಯನ್ನು ಇಲ್ಲಿ ನೆನೆಯುವುದು ಸಹಜವಾದರೂ ಎಚ್ಚರಿಕೆ ಬೇಕು. ಆಗಮೋಕ್ತವಾದ ತಾಲಮಾನ, ಅಂಗುಲಮಾನಗಳು ಕುಶಲಿಯ ಅಳತೆಪಟ್ಟಿಯನ್ನು ಹೋಲುತ್ತವೆ, ನಿಜ. ಆದರೆ ಶಿಲ್ಪಿಯ ಮುಂದೆ ಅಳೆಯತಕ್ಕ ಮೂಲವಸ್ತುವಿಲ್ಲ, ಧ್ಯಾನಶ್ಲೋಕವಿದೆ. ಪ್ರಮಾಣವೆಲ್ಲ ಸರಿಯಾದ ಮೇಲೂ ಪ್ರಾಣಪ್ರತಿಷ್ಠೆಯಾಗುವವರೆಗೆ ಅದು ಪೂಜಾರ್ಹವಲ್ಲ. ಕಿರುಗಾಡಿಗೆ ಆ ಸಂಸ್ಕಾರವಿಲ್ಲ, ಇರಬೇಕಾಗಿಯೂ ಇಲ್ಲ.

ಮುಚ್ಚಿದ ಸಿಲಿಂಡರಿನೊಳಗೆ, ಇನ್ನೆಂದೂ ಯಾರೂ ಕಾಣದ ಪಿಸ್ಟನ್ನನ್ನು ಅದರ ಬಳೆಗಳೊಡನೆ ಕಡೆದಿಡುವವರೂ ಈ ಪಂಥದಲ್ಲಿ ಉಂಟು. ಇದನ್ನು ನಾನು ಬಹುಕಾಲ ಹೆಮ್ಮೆಯ ಇನ್ನೊಂದು ರೂಪವೆಂದೇ ಎಣಿಸುತ್ತಿದ್ದೆ, ಏಕೆಂದರೆ ಕಾಣದ ಕೆಲಸವನ್ನು ಮಾಡಿದವನು ಅದನ್ನು ಹೇಳದೆ ಬಿಡುವುದು ವಿರಳ. ಆದರೆ ಸಾದೃಶ್ಯವನ್ನು ಪ್ರತ್ಯೇಕ ಪದಾರ್ಥವೆಂದೇ ಒಪ್ಪುವ ಪ್ರಾಭಾಕರ ಮೀಮಾಂಸಕರ ಪಕ್ಷದಲ್ಲಿ ನಿಂತು ನೋಡಿದರೆ, ನೋಡುವವನಿಲ್ಲದೆಯೂ ಆ ಪಿಸ್ಟನ್ನು ಮೂಲವನ್ನು ಹೋಲುತ್ತಲೇ ಇರುತ್ತದೆ. ಕುಶಲಿಯು ಪ್ರೇಕ್ಷಕನಿಗೆ ಏನೂ ಕೊಡದಿದ್ದರೂ ಗಾಡಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ್ದಾನೆ. ಹೇಳಿಕೊಳ್ಳುವ ಚಾಪಲ್ಯವನ್ನು ಮಾತ್ರ ಮೀಮಾಂಸೆಯೂ ಸಮರ್ಥಿಸಲಾರದು.

ಇಷ್ಟೆಲ್ಲವನ್ನೂ ಸಾಧಿಸಿದ ಬಳಿಕ ಬೌದ್ಧನು ಎದ್ದು ಕೇಳಬಹುದು: ಎಲ್ಲವೂ ಕ್ಷಣಿಕವಾಗಿರುವಾಗ ಯಾವ ಕ್ಷಣದ ಗಾಡಿಗೆ ಇದು ಪ್ರತಿಕೃತಿ? ಪ್ರಶ್ನೆಯು ಕುಶಲಿಗೆ ತೀರ ವ್ಯಾವಹಾರಿಕವಾದುದು. 1888ರ ಆಗಸ್ಟಿನಲ್ಲಿ ಬೆರ್ಥಾ ಬೆಂಜ್ ತನ್ನ ಇಬ್ಬರು ಮಕ್ಕಳೊಡನೆ, ಗಂಡನಿಗೆ ತಿಳಿಸದೆ, ಮ್ಯಾನ್‌ಹೈಮಿನಿಂದ ಪ್ಫೋರ್ಜ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ಹಾದಿಯನ್ನು ಗಾಡಿಯಲ್ಲಿ ಕ್ರಮಿಸಿದಳು. ವೀಸ್‌ಲೋಖ್ ಊರಿನ ಔಷಧದಂಗಡಿಯಲ್ಲಿ ಇಂಧನವನ್ನು ಕೊಂಡಳು, ಕಟ್ಟಿಕೊಂಡ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು, ಸವೆದುಹೋದ ಬ್ರೇಕಿನ ಮರದ ತುಂಡುಗಳಿಗೆ ದಾರಿಯಲ್ಲಿ ಸಿಕ್ಕ ಚಮ್ಮಾರನಿಂದ ತೊಗಲು ಹೊಡೆಸಿದಳು. ಬೆಳಗ್ಗೆ ಹೊರಟ ಗಾಡಿಯೂ ಸಂಜೆಗೆ ಸೇರಿದ ಗಾಡಿಯೂ ಹೀಗೆ ಎರಡು ಬೇರೆ ವಸ್ತುಗಳು. ಆ ಪ್ರಯಾಣದ ಗಾಡಿಯನ್ನು ರಚಿಸಹೊರಟವನು ಬ್ರೇಕಿಗೆ ತೊಗಲನ್ನು ಅಂಟಿಸಬೇಕೋ ಬೇಡವೋ ಎಂಬುದನ್ನು ಅರವನ್ನು ಕೈಗೆತ್ತಿಕೊಳ್ಳುವ ಮೊದಲೇ ನಿಶ್ಚಯಿಸಬೇಕು, ಅಂಟಿಸಿದನೆಂದರೆ ಬೆಳಗಿನ ಗಾಡಿಯನ್ನು ಕೈಬಿಟ್ಟನೆಂದೇ ಅರ್ಥ.