ಎಷ್ಟು ಬಂದರೆ ಸಾಕು?

ಗೋವಾದ ವಾಳಪೈಯ ನಮ್ಮ ಭಜನಾ ಮೇಳದಲ್ಲಿ ಹಾರ್ಮೋನಿಯಂ ನನ್ನದು. ಬಿಳಿ ನಾಲ್ಕರ ಶ್ರುತಿಯಲ್ಲಾದರೆ ಕೈ ಸಲೀಸು. ಹಾಡುವವರು ಕಪ್ಪು ಎರಡಕ್ಕೆ ಹೋದರೆ ಉಂಗುರಬೆರಳು ತಡವರಿಸುತ್ತದೆ. “ಭಾವ ಇದ್ದರೆ ಸಾಕು ರಾಯರೇ, ದೇವರು ಶ್ರುತಿ ನೋಡುತ್ತಾನಾ?” ಎನ್ನುತ್ತಾರೆ ಪಕ್ಕದವರು. ನನಗದು ಒಪ್ಪಿಗೆಯಿಲ್ಲ. ದೇವರೇನೋ ಕ್ಷಮಿಸಿಯಾನು, ನನ್ನಿಂದಾಗಿ ತಾಳದವನು ಮುಗ್ಗರಿಸಿದರೆ ಅವನ ಭಾವವೂ ಕೆಟ್ಟಿತಲ್ಲ! ಸೋಮಾರಿತನಕ್ಕೆ ಭಕ್ತಿಯ ಹೆಸರಿಡಬಾರದು.

ಹಾಗೆಂದು ಹಿಂದುಸ್ತಾನಿ ಗಾಯಕಿ ಕೇಸರಬಾಯಿ ಕೇರಕರ್ ಅವರನ್ನೇ ಅಳತೆಗೋಲು ಮಾಡಿಕೊಂಡರೆ ಪೆಟ್ಟಿಗೆ ಮುಚ್ಚಿಡಬೇಕಷ್ಟೆ. ಕೇರಿ ಎಂಬ ಊರಿನಲ್ಲಿ (ನಮ್ಮ ಸತ್ತರಿ ತಾಲೂಕಿನದಲ್ಲ, ಫೋಂಡಾದ ಕೇರಿ) ಹುಟ್ಟಿ, ಅಲ್ಲಾದಿಯಾ ಖಾನರ ಬಳಿ ವರ್ಷಗಟ್ಟಲೆ ಕಲಿತವರು; 1977ರಲ್ಲಿ ವಾಯೇಜರ್ ನೌಕೆ ಅವರ ಭೈರವಿಯನ್ನು ಬಾಹ್ಯಾಕಾಶಕ್ಕೇ ಒಯ್ದಿತು. ಪಳಗಿದವರಿಗೂ ಹೊಸಬರಿಗೂ ಇರುವ ಇಂಥ ಅಂತರಕ್ಕೆ ಗಾಲ್ಫ್‌ನವರು ಒಂದು ಉಪಾಯ ಮಾಡಿದ್ದಾರೆ: 54ರವರೆಗೆ ಹ್ಯಾಂಡಿಕ್ಯಾಪ್ (ಹೊಡೆತಗಳ ರಿಯಾಯಿತಿ) ಕೊಟ್ಟು, ಹೊಸಬನನ್ನೂ ಪಳಗಿದವನ ಜತೆ ಆಡಿಸುತ್ತಾರೆ. ಭಜನೆಯಲ್ಲಿ ಆ ರಿಯಾಯಿತಿ ಕೂಡಿ ಹಾಡುವುದರಲ್ಲೇ ಇದೆ. ಹತ್ತು ದನಿಗಳ ನಡುವೆ ಒಂದು ತಪ್ಪು ಸ್ವರ ಮುಳುಗಿಹೋಗುತ್ತದೆ, ಎರಡನೆಯದು ಮುಳುಗುವುದಿಲ್ಲ.

ಹಾಡುವವರು ನಡುವೆ ತಿರುಗಿ ನನ್ನ ಕಡೆ ನೋಡುವ ಪ್ರಸಂಗ ಬಾರದಷ್ಟು ಕೈ ಪಳಗಿದರೆ ಹವ್ಯಾಸಿಗೆ ಸಾಕು. ಅಷ್ಟಕ್ಕೂ ದಿನಾ ಅರ್ಧ ಗಂಟೆ ಅಲಂಕಾರ ನುಡಿಸಲೇಬೇಕು.