ಹೆಬ್ಬೆಟ್ಟಿನ ಆಣೆ

ಕೆಲವು ವರ್ಷಗಳ ಹಿಂದೆ, ಮೊಮ್ಮಗನನ್ನು ಹಾಸ್ಟೆಲಿಗೆ ಸೇರಿಸಲು ಅಫಿಡವಿಟ್ ಬೇಕೆಂದ ಉಯ್ಯಂಬಳ್ಳಿಯ ಅಜ್ಜಿಯೊಬ್ಬರ ಜೊತೆ ಕನಕಪುರಕ್ಕೆ ಹೋಗಿದ್ದೆ. ಹುಡುಗನ ಅಪ್ಪ ಮನೆ ಬಿಟ್ಟು ಹೋಗಿದ್ದ. ಟೈಪಾದ ಕಾಗದದಲ್ಲಿ ‘ಈ ಮಗುವಿಗೆ ನಾನೇ ಕಾನೂನುಬದ್ಧ ಪಾಲಕಿ’ ಎಂದಿತ್ತು. ಓದಿ ಹೇಳಿದೆ. ಅಜ್ಜಿ ಹೆಬ್ಬೆಟ್ಟನ್ನು ಹಿಂದಕ್ಕೆಳೆದುಕೊಂಡರು.

“ಹೆತ್ತೋಳು ಬೆಂಗಳೂರಲ್ಲಿ ಗಾರ್ಮೆಂಟ್ಸಿಗೆ ಹೋಗ್ತಾವ್ಳೆ. ನಾನೇ ಅಂತ ಹೆಂಗಪ್ಪ ಆಣೆ ಮಾಡ್ಲಿ?”

“ಮಗುವಿನ ಒಳ್ಳೇದಕ್ಕೆ ತಾನೆ, ಒತ್ತಿಬಿಡಿ” ಎಂದವನು ನಾನೇ.

ಕಾನೂನೂ ಅಜ್ಜಿಯ ಮಾತನ್ನೇ ಹೇಳುತ್ತದೆ. ಹಿಂದೂ ಮಕ್ಕಳಿಗೆ ತಂದೆ, ಅವನ ನಂತರ ತಾಯಿ ಸಹಜ ಪಾಲಕರೆಂದು 1956ರ ಕಾಯಿದೆ. ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ಅವನು ಹೊಣೆ ಹೊರದಿದ್ದಾಗಲೂ ಎಂದು 1999ರಲ್ಲಿ ಗೀತಾ ಹರಿಹರನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. ಅಜ್ಜಿಯನ್ನು ಪಾಲಕಿಯಾಗಿ ನೇಮಿಸಬಲ್ಲದ್ದು, 1890ರ ಕಾಯಿದೆಯಂತೆ, ನ್ಯಾಯಾಲಯ; ಛಾಪಾಕಾಗದವಲ್ಲ. ಕಂಡದ್ದನ್ನು, ನಡೆದದ್ದನ್ನು ಮಾತ್ರ ಆಣೆಯಿಟ್ಟು ಹೇಳಬಹುದು.

‘ಮಗು ನನ್ನ ಮನೆಯಲ್ಲಿದೆ, ಅನ್ನ, ಬಟ್ಟೆ, ಓದು ನಾನು ನೋಡಿಕೊಳ್ಳುತ್ತಿದ್ದೇನೆ’ ಎಂದು ತಿದ್ದಿಸಿದೆವು. ಮುಂದಿನ ವಾರ ಮಗಳೂ ಒಂದು ದಿನದ ಕೂಲಿ ಬಿಟ್ಟು ಬಂದು ಒಪ್ಪಿಗೆಯ ಸಹಿ ಹಾಕಿದಳು. ಆಮೇಲೆ ಅಜ್ಜಿ ಹೆಬ್ಬೆಟ್ಟು ಒತ್ತಿದರು.

ಎರಡು ಸಲವೂ ಹುಡುಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಅವನ ಒಳ್ಳೆಯದಕ್ಕೆಂದು ನಾನು ಹೇಳಿಕೊಡಲು ಹೊರಟಿದ್ದ ಮೊದಲ ಪಾಠ ಸುಳ್ಳಿನದಾಗಿತ್ತು.