ಕೈ ಕಲಿಯುವ ದೇಹಪಾಠ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆ ರೇಷ್ಮೆ ಸಾಕುವ ಮನೆಗಳ ಮಕ್ಕಳಿಗೆ ಹುಳದ ಒಡಲು ಚೆನ್ನಾಗಿ ಗೊತ್ತು. ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಹುಳ ವಾರವೊಂದು ಸೊಪ್ಪು ಮೇದು, ಆಮೇಲೆ ಮೇವು ಬಿಟ್ಟು, ಬೆಳಕಿಗೆ ಹಿಡಿದರೆ ಮೈ ತಿಳಿಯಾಗಿ ಕಾಣತೊಡಗಿತೋ, ಅದು ಹಣ್ಣಾಯಿತು; ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಒಳಗೆ ರೇಷ್ಮೆ ಗ್ರಂಥಿ ತುಂಬಿಕೊಂಡಿದೆ ಎಂಬುದನ್ನು ಈ ಮಕ್ಕಳಿಗೆ ಕಣ್ಣು, ಬೆರಳುಗಳೇ ಕಲಿಸಿವೆ. ಅದೇ ಮಕ್ಕಳು ತಮ್ಮ ದೇಹವನ್ನು ಮಾತ್ರ ಚಿತ್ರ ಬರೆದು, ಹೆಸರು ಉರುಹೊಡೆದು ಕಲಿಯುತ್ತಾರೆ. ಇದು ನನಗೆ ಸರಿಕಾಣುವುದಿಲ್ಲ.

ಅಂಗೈ ಮೇಲಾಗಿ ಬಲಗೈ ಚಾಚಿ, ಎಡಗೈಯಿಂದ ಮುಂಗೈಯನ್ನು ಬಿಗಿಯಾಗಿ ಹಿಡಿಯಿರಿ. ಈಗ ನಿಧಾನವಾಗಿ ಅಂಗೈಯನ್ನು ಕೆಳಮುಖ ಮಾಡಿ. ಹೆಬ್ಬೆರಳ ಕಡೆಯ ರೇಡಿಯಸ್ ಮೂಳೆ, ಕಿರುಬೆರಳ ಕಡೆಯ ಅಲ್ನಾ ಮೂಳೆಯ ಮೇಲೆ ಅಡ್ಡಹಾಯುವುದು ಹಿಡಿದ ಬೆರಳುಗಳಿಗೆ ಗೊತ್ತಾಗುತ್ತದೆ. ಗೋಡೆಗೆ ತೂಗಿದ ಪಟದಲ್ಲಿ ಮೂಳೆಗಳು ಅಲುಗುವುದಿಲ್ಲ, ಕೈಯಲ್ಲಿ ಅಲುಗುತ್ತವೆ. ಒಂದು ಕೈ ಮುಷ್ಟಿ ಮಾಡಿ, ಬಟ್ಟಲಾಗಿಸಿದ ಇನ್ನೊಂದು ಅಂಗೈಯಲ್ಲಿಟ್ಟು ತಿರುಗಿಸಿದರೆ ಸೊಂಟದ ಕೀಲು ಅರ್ಥವಾಯಿತು. ಕಣತಲೆಗೆ ಬೆರಳಿಟ್ಟು ಹಲ್ಲು ಕಚ್ಚಿದರೆ ಅಗಿಯುವ ಸ್ನಾಯು ಉಬ್ಬುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ, ಅನುದಾನ ಬೇಡ.

ಕೈಯಿಂದ ಮುಟ್ಟಿ ಕಲಿಯಬೇಕೆಂಬ ತಿಳಿವಳಿಕೆ ಸುಶ್ರುತ ಸಂಹಿತೆಯ ಕಾಲಕ್ಕೇ ಇತ್ತು. ಶಿಷ್ಯರು ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ತ ಕಲಿಯಬೇಕಿತ್ತು, ಬಟ್ಟೆಯ ಬೊಂಬೆಗೆ ಪಟ್ಟಿ ಕಟ್ಟಬೇಕಿತ್ತು. ಶವವನ್ನು ಹರಿಯುವ ನೀರಿನಲ್ಲಿ ಏಳು ದಿನ ನೆನೆಯಿಟ್ಟು, ಪದರ ಪದರವಾಗಿ ಉಜ್ಜಿ ತೆಗೆದು ಅಂಗಗಳನ್ನು ಕಣ್ಣಾರೆ ನೋಡಬೇಕೆಂದೂ ಅದು ವಿಧಿಸುತ್ತದೆ. ಓದು ಮಾತ್ರ ಬಲ್ಲ ವೈದ್ಯ ಅದರ ಲೆಕ್ಕದಲ್ಲಿ ಅರ್ಧ ವೈದ್ಯ.

ಇಂದು ಹಾಗೆ ಮುಟ್ಟಿ ಕಲಿಯಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ವಸ್ತುಸಂಗ್ರಹಾಲಯವಿದೆ. ಅಲ್ಲಿ ಮನುಷ್ಯನ ನಿಜವಾದ ಮಿದುಳನ್ನು ಬಂದವರ ಕೈಗೂ ಕೊಡುತ್ತಾರೆ. ಸುಮಾರು 1,300 ಗ್ರಾಂ ತೂಗುವ ಆ ವಸ್ತುವಿನ ಮಡಿಕೆಗಳ ಮೇಲೆ ಬೆರಳಾಡಿಸಿದ ಮಗು ತಲೆಗೆ ಹೆಲ್ಮೆಟ್ ಏಕೆ ಬೇಕೆಂದು ಮತ್ತೆ ಕೇಳಲಾರದು. ಆ ಮಿದುಳುಗಳು ಅಲ್ಲಿಗೆ ಬಂದದ್ದು ದುಃಖದ ಗಳಿಗೆಯಲ್ಲೂ ಕುಟುಂಬಗಳು ಒಪ್ಪಿ ಕೊಟ್ಟದ್ದರಿಂದ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಉಯ್ಯಂಬಳ್ಳಿ ಹೋಬಳಿಯ ಮೇಷ್ಟ್ರುಗಳೇ, ಮೇಡಂಗಳೇ, ಈ ವರ್ಷದ ಶಾಲಾ ಪ್ರವಾಸದ ಪಟ್ಟಿಯಲ್ಲಿ ಅರಮನೆ, ಉದ್ಯಾನಗಳ ಜೊತೆಗೆ ನಿಮ್ಹಾನ್ಸ್ ಅನ್ನೂ ಸೇರಿಸಿ. ಮೊದಲೇ ಅಲ್ಲಿ ವಿಚಾರಿಸಿಕೊಂಡು ಹೋಗಿ. ಅಲ್ಲಿಯವರೆಗೆ ನಾಳೆಯ ವಿಜ್ಞಾನದ ತರಗತಿಯಲ್ಲಿ, ಪುಸ್ತಕ ತೆರೆಯುವ ಮೊದಲು, ಮಕ್ಕಳು ತಮ್ಮ ಮುಂಗೈ ಹಿಡಿದು ನೋಡಲಿ.